ಒಂದು ದ್ವಾರ, ಎರಡು ಸಿಲಿಂಡರು



ಆಶಯ ಭಾಷಣ ಮಾಡುವವನಿಗೆ ಆಶಯವೊಂದಿದ್ದರೆ ಸಾಲದು, ಗಡಿಯಾರದ ಮೇಲೆ ಕಣ್ಣೂ ಇರತಕ್ಕದ್ದೆಂದು ಸಂಕಿರಣದ ಸಂಚಾಲಕರು ನಿನ್ನೆಯೇ ವಿನಯಪೂರ್ವಕವಾಗಿ ಎಚ್ಚರಿಸಿದ್ದಾರೆ. ಅವರ ಮಾತನ್ನು ಮನ್ನಿಸಿ, ಹಳೆಯ ಕಾರಿನ ಸಣ್ಣ ಎಂಜಿನ್ನಿನ ಶಕ್ತಿವರ್ಧನೆಯೆಂಬ ಈ ವಿಶಾಲ ವಿಷಯದಲ್ಲಿ ಒಂದೇ ಎಂಜಿನ್ನನ್ನೂ ಅದರಲ್ಲಿ ಒಂದೇ ಪ್ರಶ್ನೆಯನ್ನೂ ಆರಿಸಿಕೊಂಡಿದ್ದೇನೆ. ಕ್ಯಾಮಿನ ಆಕೃತಿಯನ್ನು ಕುರಿತು ಮೊದಲ ಸಾಲಿನಲ್ಲಿ ಕುಳಿತಿರುವ ಪ್ರಾಧ್ಯಾಪಕರು ಬರೆದಿರುವುದಕ್ಕೆ ನಾನು ಸೇರಿಸತಕ್ಕದ್ದು ಏನೂ ಇಲ್ಲ; ಕಿಡಿಯ ಕಾಲನಿರ್ಣಯವನ್ನು ಕುರಿತು ಅವರ ಎಡಗಡೆಯ ಮಿತ್ರರು ನಾಳೆ ಮಾತನಾಡಲಿದ್ದಾರೆ; ಸೀಸರಹಿತ ಪೆಟ್ರೋಲಿನಿಂದ ವಾಲ್ವಿನ ಪೀಠ ಸವೆಯುವ ಸಂಗತಿಯಲ್ಲಿ ಈ ಸಭೆಯ ಅರ್ಧ ಮಂದಿ ನನಗಿಂತ ಬಲ್ಲವರು.

ನಾನಾರಿಸಿದ ಎಂಜಿನ್ನು ಬಿ.ಎಂ.ಸಿ.ಯ ‘ಎ’ ಸರಣಿಯೆಂದು ಪ್ರಖ್ಯಾತವಾದುದು. 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ 803 ಸಿ.ಸಿ.ಯ ಪುಟ್ಟ ಯಂತ್ರವಾಗಿ ಕಣ್ತೆರೆದು, 1956ರಲ್ಲಿ ಮಾರಿಸ್ ಮೈನರ್ 1000ದೊಳಗೆ 948 ಸಿ.ಸಿ.ಯಾಗಿ ಬೆಳೆದು, 1959ರಲ್ಲಿ ಇಸಿಗೋನಿಸ್ ಮಹಾಶಯನ ಮಿನಿಯೊಳಗೆ 848 ಸಿ.ಸಿ.ಯಾಗಿ ಅಡ್ಡಡ್ಡ ಮಲಗಿ, ಅಲ್ಲಿ 34 ಅಶ್ವಶಕ್ತಿಯನ್ನು ನೀಡುತ್ತ, ಈ ಯಂತ್ರವು 2000ದವರೆಗೂ ಕಾರ್ಖಾನೆಯಿಂದ ಹೊರಬೀಳುತ್ತಲೇ ಇತ್ತು. ಇದರ ಹೆಡ್ಡಿನ ರೂಪಕ್ಕೆ ಹ್ಯಾರಿ ವೆಸ್ಲೇಕ್ ಕಾರಣನಾದರೆ, ಆ ಹೆಡ್ಡನ್ನು ಅರೆದು ತೀಡಿ ಅದರಿಂದ ಮತ್ತಷ್ಟು ಉಸಿರು ಹೊರಡಿಸಿದವರಲ್ಲಿ ವಿಲ್ಟ್‌ಶೈರಿನ ಡೌಂಟನ್ ಗ್ರಾಮದ ಡೇನಿಯಲ್ ರಿಚ್ಮಂಡನು ಅಗ್ರಗಣ್ಯನು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕನು 1071 ಸಿ.ಸಿ.ಯ ಕೂಪರ್ ಎಸ್ ಏರಿ ಮಾಂಟೆ ಕಾರ್ಲೋ ರ‍್ಯಾಲಿಯನ್ನು ಗೆದ್ದನು. ಅದೇ ವರ್ಷ ಹೊರಬಂದ 1275 ಸಿ.ಸಿ.ಯ ಕೂಪರ್ ಎಸ್, ದೊಡ್ಡ ವಾಲ್ವು, ಜೋಡಿ ಎಸ್.ಯು. ಕಾರ್ಬ್ಯುರೇಟರು, ಹೆಚ್ಚಿದ ಸಂಪೀಡನಾನುಪಾತ ಇವುಗಳ ಬಲದಿಂದ 76 ಅಶ್ವಶಕ್ತಿಯನ್ನು ಮುಟ್ಟಿತು.

ನಮ್ಮ ಕ್ಷೇತ್ರವು ದಾರಿ ತಪ್ಪಿದುದು ಈ ವಿಜಯೋತ್ಸಾಹದಲ್ಲಿಯೇ ಎಂಬುದು ನನ್ನ ಬಹುಕಾಲದ ನಿಶ್ಚಿತಾಭಿಪ್ರಾಯ. ಅಂದಿನಿಂದ ನಾವೆಲ್ಲರೂ ಒಂದು ಸಂಖ್ಯೆಯ, ಎಂದರೆ ಪರಮಾವಧಿ ಅಶ್ವಶಕ್ತಿಯ, ಉಪಾಸಕರಾದೆವು. ಆ ಸಂಖ್ಯೆ ನಾಲ್ಕು ಸಿಲಿಂಡರುಗಳ ಒಟ್ಟು ದುಡಿಮೆಯೆಂಬುದನ್ನೂ, ಆ ನಾಲ್ವರು ಸಮನಾಗಿ ದುಡಿಯುತ್ತಿಲ್ಲವೆಂಬುದನ್ನೂ ಮರೆತೆವು.

ಈ ಹೆಡ್ಡಿನಲ್ಲಿ ಬಾಗಿಲುಗಳು ಐದೇ ಐದು. ಒಂದನೆಯ ಮತ್ತು ಎರಡನೆಯ ಸಿಲಿಂಡರುಗಳಿಗೆ ಕೂಡಿ ಒಂದು ಒಳದ್ವಾರ, ಮೂರನೆಯ ಮತ್ತು ನಾಲ್ಕನೆಯವಕ್ಕೆ ಕೂಡಿ ಇನ್ನೊಂದು. ಹೊಗೆ ಹೋಗಲು ಎರಡು ತುದಿಗಳಲ್ಲಿ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. ಕಿಡಿಯ ಸರದಿ 1, 3, 4, 2 ಆದುದರಿಂದ ಪ್ರತಿಯೊಂದು ಜೋಡಿಯಲ್ಲಿಯೂ ಒಳಗಿನ ಸಿಲಿಂಡರು ಮೊದಲು ಉಸಿರೆಳೆಯುತ್ತದೆ. ಕ್ರ್ಯಾಂಕು ಅರ್ಧ ಸುತ್ತು ತಿರುಗುವಷ್ಟರಲ್ಲಿ ಹೊರಗಿನದು ಎಳೆಯುತ್ತದೆ. ಆಮೇಲೆ ಸುಮಾರು ಒಂದು ಸುತ್ತಿನ ಕಾಲ ಆ ದ್ವಾರದಲ್ಲಿ ಯಾರೂ ಉಸಿರಾಡುವುದಿಲ್ಲ. ಒಂದೇ ಕಾಲುವೆಗೆ ತಲೆಭಾಗದ ಗದ್ದೆಯವನೂ ಕೊನೆಭಾಗದ ಗದ್ದೆಯವನೂ ಕೈಯೊಡ್ಡಿದಂತೆ ಇದು.

ನನ್ನನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆಯು ಇಲ್ಲಿದೆ: ಈ ಜೋಡಿಯಲ್ಲಿ ಯಾರ ಪಾಲೆಷ್ಟು? ದೀರ್ಘ ವಿರಾಮದಲ್ಲಿ ದ್ವಾರದ ಗೋಡೆಗೆ ಅಂಟಿದ ಪೆಟ್ರೋಲನ್ನು ಮೊದಲು ಎಳೆಯುವವನೇ ಕೊಂಡೊಯ್ಯುವುದರಿಂದ ಒಳಗಿನವು ಇಂಧನಪುಷ್ಟವಾಗಿ ಹೊರಗಿನವು ಬಡವಾಗುತ್ತವೆಂಬುದು ಒಂದು ಪಕ್ಷ. ಆದರೆ ಮೊದಲಿನವನು ನಿಂತ ಗಾಳಿಯನ್ನು ಚಲಿಸುವಂತೆ ಮಾಡಬೇಕು; ಎರಡನೆಯವನಿಗೆ ಓಡುತ್ತಿರುವ ಗಾಳಿ ದೊರೆಯುತ್ತದೆ; ಅಲ್ಲದೆ ತೀವ್ರವಾದ ಕ್ಯಾಮು ಹಾಕಿದಷ್ಟೂ ಇಬ್ಬರ ವಾಲ್ವುಗಳೂ ಒಟ್ಟಿಗೆ ತೆರೆದಿರುವ ಅವಧಿ ಹಿಗ್ಗಿ, ಒಬ್ಬನ ಪಾಲನ್ನು ಇನ್ನೊಬ್ಬನು ಅಪಹರಿಸುವ ಅವಕಾಶವೂ ಹಿಗ್ಗುತ್ತದೆ. ಒಳಗಿನ ಮತ್ತು ಹೊರಗಿನ ಸಿಲಿಂಡರುಗಳಿಗೆ ಬೇರೆ ಬೇರೆ ಕಾಲಮಾನವುಳ್ಳ ಕ್ಯಾಮುಗಳನ್ನು ಕಡೆದವರಿದ್ದಾರೆ. ಕಾರ್ಖಾನೆಯವರೇ ಕಡೆಗಾಲದಲ್ಲಿ ದ್ವಾರಕ್ಕೊಂದರಂತೆ ಎರಡು ಇಂಜೆಕ್ಟರುಗಳನ್ನು ಇಟ್ಟರು. ಆದರೂ ಯಾವ ವೇಗದಲ್ಲಿ ಯಾರಿಗೆಷ್ಟು ಎಂಬ ಲೆಕ್ಕವು ಪ್ರತಿಯೊಂದು ಕ್ಯಾಮಿಗೂ ಪ್ರತಿಯೊಂದು ಹೆಡ್ಡಿಗೂ ಬದಲಾಗುತ್ತದೆಯಾಗಿ, ಸಾರ್ವತ್ರಿಕವಾದ ಉತ್ತರವು ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಒಮ್ಮೆ ಒಬ್ಬ ವೃದ್ಧ ಮೆಕ್ಯಾನಿಕನನ್ನು ಕಂಡಿದ್ದೆ. ಒಬ್ಬ ತರುಣನು ತನ್ನ ಮಿನಿಯ ಅಶ್ವಶಕ್ತಿಯನ್ನು ತೋರಿಸುವ ಕಾಗದವನ್ನು ಹೆಮ್ಮೆಯಿಂದ ಮುಂದೊಡ್ಡಿದಾಗ ಆತನು ಅದನ್ನು ಓದಲೇ ಇಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿಟ್ಟನು. ನಡುವಿನ ಎರಡು ಕಂದು, ತುದಿಯ ಎರಡು ಬಿಳಿಚು. “ಕಾಗದ ಇವರಲ್ಲಿ ಯಾರದಪ್ಪಾ?” ಎಂದು ಕೇಳಿದನು. ತರುಣನು ನಕ್ಕನು; ನಾನು ನಗಲಿಲ್ಲ.

ಹೊಗೆಕೊಳವೆಯ ಕೊನೆಯಲ್ಲಿ ಸಂವೇದಕವನ್ನಿಟ್ಟು ನಾವು ಓದುವುದೂ ಇಂತಹ ಕಾಗದವನ್ನೇ. ಎರಡು ಸಿಲಿಂಡರುಗಳು ಒಂದು ಪಾಲು ಪೆಟ್ರೋಲಿಗೆ 12 ಪಾಲು ಗಾಳಿಯನ್ನೂ ಇನ್ನೆರಡು 15 ಪಾಲನ್ನೂ ಉರಿಸುತ್ತಿದ್ದರೆ ಯಂತ್ರವು ಸುಮಾರು 13.3 ಎಂದು ತೋರಿಸುತ್ತದೆ, ನಾವು ಸಂತುಷ್ಟರಾಗುತ್ತೇವೆ, ಬಡವಾದ ಎರಡು ಸಿಲಿಂಡರುಗಳು ಭಾರದಲ್ಲಿ ಕಾದು, ವಾಲ್ವು ಸುಟ್ಟುಕೊಂಡು, ವರ್ಷ ಕಳೆಯುವುದರೊಳಗೆ ಬಿಲ್ಲನ್ನು ಕಳಿಸುತ್ತವೆ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿನಲ್ಲಿ ಗಾಳಿಯ ಸಾಂದ್ರತೆಯು ಸುಮಾರು ಶೇಕಡಾ 8ರಿಂದ 9ರಷ್ಟು ಕಡಿಮೆಯಾದುದರಿಂದ, ಇಂಗ್ಲೆಂಡಿನ ಕೋಷ್ಟಕವನ್ನು ನೋಡಿ ಆರಿಸಿದ ಎಸ್.ಯು. ಸೂಜಿಯು ಪೆಟ್ರೋಲನ್ನು ಹೆಚ್ಚಾಗಿಯೇ ಸುರಿಯುತ್ತದೆ. ಆದರೆ ಸರಾಸರಿಯನ್ನು ತಿದ್ದಹೊರಟು ಸೂಜಿಯನ್ನು ಬದಲಿಸಿದವನು, ಮೊದಲೇ ಬಡವಾಗಿದ್ದ ಜೋಡಿಯನ್ನು ಇನ್ನಷ್ಟು ಬಡವಾಗಿಸುವ ಅಪಾಯವನ್ನು ಮರೆಯಲಾಗದು.

ಇದಕ್ಕೆ ಉಪಾಯವು ಆ ಐದು ಬಾಗಿಲಿನ ಹೆಡ್ಡಿನಲ್ಲಿಯೇ ಇದೆ. ಹೊಗೆಯ ಮೂರು ಶಾಖೆಗಳಲ್ಲಿ ತುದಿಯ ಎರಡು ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರುಗಳಿಗೆ ಮಾತ್ರ ಸೇರಿದವು. ನಡುವಿನದು ಒಳಗಿನ ಎರಡರದು, ಅವೆರಡೂ ತಮ್ಮ ತಮ್ಮ ಜೋಡಿಯಲ್ಲಿ ಮೊದಲು ಉಸಿರೆಳೆಯುವವೇ. ಆದುದರಿಂದ ಮೂರು ಶಾಖೆಗಳಿಗೂ ಒಂದೊಂದು ಸಂವೇದಕವನ್ನಿಟ್ಟರೆ ಪಾಲಿನ ವ್ಯತ್ಯಾಸವು ತಾನಾಗಿಯೇ ಬೆಳಕಿಗೆ ಬರುತ್ತದೆ. ಈ ಎರಡು ದಿನಗಳಲ್ಲಿ ಪ್ರಬಂಧಗಳನ್ನು ಓದುವ ತರುಣ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ: ಅಶ್ವಶಕ್ತಿಯ ಸಂಖ್ಯೆಯನ್ನು ಧಾರಾಳವಾಗಿ ಹೇಳಿರಿ, ಅದರೊಡನೆ ಈ ಮೂರು ಸಂಖ್ಯೆಗಳನ್ನೂ ಹೇಳಿರಿ, ಇವಿಲ್ಲದೆ ಬಂದ ಫಲಿತಾಂಶವನ್ನು ಸಭೆಯು ಒಪ್ಪಿಕೊಳ್ಳದಿರಲಿ.