ಒಂದೇ ಮಗು, ಇಬ್ಬರ ದುಃಖ

ಮಗು ತೀರಿಕೊಂಡ ಮೇಲೆ ಗಂಡ-ಹೆಂಡತಿಯ ನಡುವೆ ಏನಾಗುತ್ತದೆ, ದೇವರ ಮೇಲಿನ ನಂಬಿಕೆ ಏನಾಗುತ್ತದೆ? ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ಇಂಗ್ಲೆಂಡಿನ ಒಂದು ಮನೆಯ ಕಾಗದಪತ್ರಗಳು ಉಳಿದುಬಂದಿವೆ. ಅದು ಚಾರ್ಲ್ಸ್ ಡಾರ್ವಿನ್ ಅವರ ಮನೆ.

ಡಾರ್ವಿನ್-ಎಮ್ಮಾ ದಂಪತಿಗೆ ಹತ್ತು ಮಕ್ಕಳು; ಮೂವರು ಚಿಕ್ಕಂದಿನಲ್ಲೇ ಹೋದರು. ಅವರಲ್ಲಿ ಆನಿ ಅಪ್ಪನ ಕಣ್ಮಣಿ. ಅಪ್ಪನಿಗೆಂದು ಕದ್ದ ಚಿಟಿಕೆ ನಶ್ಯ ಹಿಡಿದು ಮೆಟ್ಟಿಲಿಳಿದು ಓಡಿಬರುವಳು. ಅವರ ತಲೆ ಬಾಚುತ್ತ ಅರ್ಧ ಗಂಟೆ ಕಳೆಯುವಳು. ಹುಷಾರಿಲ್ಲದ ಈ ಮಗಳನ್ನು ಜಲಚಿಕಿತ್ಸೆಗೆಂದು ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. 1851ರ ಏಪ್ರಿಲ್ 23ರಂದು ಅಲ್ಲೇ ಹೋಗಿಬಿಟ್ಟಳು. ಹತ್ತು ವರ್ಷ. ಎಮ್ಮಾ ತುಂಬು ಬಸುರಿ, ಮನೆಯಲ್ಲೇ ಉಳಿದಿದ್ದರು. ಮಗಳ ಸ್ಥಿತಿ ತಿಳಿಯುತ್ತಿದ್ದುದು ಟಪಾಲಿನಿಂದ. ಕಡೆಗೆ ಬಂದದ್ದು ಸಾವಿನ ಕಾಗದ. ಇನ್ನುಮುಂದೆ ನಾವು ಒಬ್ಬರಿಗೊಬ್ಬರು ಇನ್ನಷ್ಟು ಹತ್ತಿರವಾಗಬೇಕು ಎಂದು ಡಾರ್ವಿನ್ ಬರೆದಿದ್ದರು. ಮನೆಗೆ ಬನ್ನಿ, ಜೊತೆಗೂಡಿ ಅಳೋಣ ಎಂಬುದು ಎಮ್ಮಾ ಉತ್ತರದ ಸಾರ. ಮಗಳ ಮಣ್ಣಿಗೂ ನಿಲ್ಲದೆ ಅವರು ಹೆಂಡತಿಯ ಬಳಿ ಧಾವಿಸಿದರು. ಮೂರು ವಾರದೊಳಗೆ ಆ ಮನೆಯಲ್ಲಿ ಹೆರಿಗೆ.

ವಾರ ಕಳೆಯುವಷ್ಟರಲ್ಲಿ ಡಾರ್ವಿನ್ ಮಗಳ ನೆನಪನ್ನೆಲ್ಲ ಬರೆದಿಟ್ಟರು. ಆಮೇಲೆ ಬಾಯಿ ಕಟ್ಟಿತು. ಅಪ್ಪ ಆನಿಯ ಮಾತನ್ನೇ ಎತ್ತುತ್ತಿರಲಿಲ್ಲವೆಂದು ಇನ್ನೊಬ್ಬ ಮಗಳು ಹೆನ್ರಿಯೆಟಾ ನೆನೆದಿದ್ದಾಳೆ. ಎಮ್ಮಾ ಅಪರೂಪಕ್ಕೆ ಎತ್ತುತ್ತಿದ್ದರು. ಆನಿಯ ಬರವಣಿಗೆ ಪೆಟ್ಟಿಗೆಯನ್ನು ಗರಿಯ ಲೇಖನಿ, ಹೊಲಿಗೆ ಸಾಮಾನು ಸಮೇತ ಜೋಪಾನ ಮಾಡಿದ್ದರು. ಅಪ್ಪನ ಆ ಮೌನ ಕಂಡು, ನಮ್ಮೂರಾಗಿದ್ದರೆ 'ಗಂಡಸರದು ಕಲ್ಲೆದೆ' ಎಂದುಬಿಡುತ್ತಿದ್ದೆವು. ಹೆಂಡತಿಗೂ ಹಾಗೇ ಅನ್ನಿಸತೊಡಗಿದರೆ ಸಂಸಾರಕ್ಕೆ ಪೆಟ್ಟು ಬಿತ್ತೆಂದೇ ಲೆಕ್ಕ. ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕವನದಲ್ಲೂ ತಂದೆ ಮಾತಾಡುವುದು ಹೆಂಡತಿಯೊಡನೆ. ಅವಳ ನೋಟವನ್ನೇ ಅವನಿಂದ ತಾಳಲಾಗದು.

ಇನ್ನು ನಂಬಿಕೆ. ಮಗಳು ಸತ್ತಳು, ಡಾರ್ವಿನ್ ನಾಸ್ತಿಕರಾದರು ಎಂದು ಕಥೆ ಕಟ್ಟುವವರಿದ್ದಾರೆ. ಅಷ್ಟು ಸಲೀಸಲ್ಲ. ಅವರ ಕ್ರೈಸ್ತ ನಂಬಿಕೆ ಮೊದಲೇ ಸಡಿಲವಾಗಿತ್ತು. ತೀರ ನಿಧಾನವಾಗಿ ಕಳಚಿತೆಂದು ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಎಮ್ಮಾಗಾದರೋ ಪರಲೋಕದಲ್ಲಿ ಮತ್ತೆ ಸೇರುವ ಆಸೆಯೇ ಆಸರೆ. ಇಬ್ಬರ ನಡುವೆ ಸಿಕ್ಕವಳು ಏಳು ವರ್ಷದ ಹೆನ್ರಿಯೆಟಾ. ದೇವದೂತರೆಲ್ಲ ಗಂಡಸರೇ, ಹಾಗಾದರೆ ಹೆಂಗಸರು ಎಲ್ಲಿಗೆ ಹೋಗುತ್ತಾರೆ ಎಂದು ಅಮ್ಮನನ್ನು ಕೇಳಿದಳು. ಅಕ್ಕ ಸೇರಿದ್ದೆಲ್ಲಿಗೆ ಎಂಬ ದಿಗಿಲು ಅದು. ಅಂಥ ಹೊತ್ತಿನಲ್ಲೂ ಎಮ್ಮಾ ಆ ಪ್ರಶ್ನೆಯನ್ನು ಬರೆದಿಟ್ಟುಕೊಂಡದ್ದು ದೊಡ್ಡದು.

ಮಗುವನ್ನು ಕಳೆದುಕೊಂಡ ಮನೆಗೆ ಹೋದಾಗ ನಾವು 'ದೇವರಿಗೆ ಬೇಕಾದ ಮಗು', 'ಋಣ ಅಷ್ಟೇ ಇತ್ತು', 'ಇನ್ನೂ ವಯಸ್ಸಿದೆ, ಮತ್ತೊಂದಾಗುತ್ತೆ' ಎನ್ನುತ್ತೇವೆ. ಋಣದ ಮಾತನ್ನು ಆ ಮನೆಯ ಅಜ್ಜಿ ಆಡಿಕೊಂಡರೆ ಅದು ಅವರ ಸಮಾಧಾನ, ಹೊರಗಿನವರು ಆಡಬಾರದು. ಹೋದ ಮಗುವಿನ ಹೆಸರು ಹಿಡಿದೇ ಮಾತಾಡಿ. ತಾಯಿಯನ್ನು ವಿಚಾರಿಸಿದಂತೆ ತಂದೆಯನ್ನೂ ವಿಚಾರಿಸಿ. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಅದು ಏನು ಕೇಳಿದರೂ ಗದರದೆ ಕೇಳಿಸಿಕೊಳ್ಳಿ.