ಬಾಕ್ಸಿಂಗ್ ಆಟದಲ್ಲಿ ತೂಕ ಇಳಿಸುವಿಕೆ: ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಗಳು

(ನೀರಮಾನ್ವಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)

 

ಉರ್ದು ಮತ್ತು ಕನ್ನಡ ಪಾಠ ಹೇಳುವ ಮಾಸ್ತರನಿಗೆ ಬಾಕ್ಸಿಂಗ್ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಕುಸ್ತಿ, ಜೂಡೋ, ಬಾಕ್ಸಿಂಗ್, ಭಾರ ಎತ್ತುವ ಸ್ಪರ್ಧೆ, ಅಷ್ಟೇ ಏಕೆ, ನಮ್ಮ ಹುಡುಗರ ಮೆಚ್ಚಿನ ಕಬಡ್ಡಿಯ ಸಬ್ ಜೂನಿಯರ್ ಮತ್ತು ಜೂನಿಯರ್ ಪಂದ್ಯಗಳಲ್ಲಿಯೂ ತೂಕದ ಮಿತಿ ಇದೆ. ಆಯ್ಕೆಯ ದಿನ ಹತ್ತಿರ ಬಂದಾಗ ಊಟ ಬಿಟ್ಟು, ನೀರು ಬಿಟ್ಟು, ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡುವ ಹುಡುಗರನ್ನು ನಾನು ಕಂಡಿದ್ದೇನೆ. "ಎರಡು ಕೆ.ಜಿ. ಹೆಚ್ಚಿದೀನ್ರೀ ಸರ್, ನಾಳೆ ತನಕ ಇಳಿಸ್ತೀನಿ" ಎನ್ನುತ್ತಾರೆ. ಈ ಚಾಳಿ ಎಲ್ಲಿಂದ ಬಂತು, ಇದರಿಂದ ದೊಡ್ಡ ದೊಡ್ಡ ಆಟಗಾರರಿಗೆ ಏನಾಯಿತು ಎಂಬುದನ್ನು ತಿಳಿದರೆ ಅವರು ಎಚ್ಚರಗೊಂಡಾರು ಎಂಬ ಆಶೆಯಿಂದ ಈ ನಾಲ್ಕು ಮಾತು.

ಮೊದಲು ತೂಕದ ವರ್ಗಗಳು ಏಕೆ ಎಂಬುದನ್ನು ನೋಡೋಣ. ನಮ್ಮ ಜಾತ್ರೆಯ ಕುಸ್ತಿಗಳಲ್ಲಿ ಕಾಟಾ ಇರುತ್ತಿರಲಿಲ್ಲ. ಹಿರಿಯ ಉಸ್ತಾದರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಕಣ್ಣಳತೆಯಲ್ಲಿ ನೋಡಿ ಜೋಡಿ ಹಚ್ಚುತ್ತಿದ್ದರು. ಬಾಕ್ಸಿಂಗ್‌ನಲ್ಲಿ ಪೆಟ್ಟು ಬೀಳುವುದು ತಲೆಗೆ. ಅಲ್ಲಿ ಕಣ್ಣಳತೆ ಸಾಲದು. ಆದ್ದರಿಂದ 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ತೂಕದ ವರ್ಗಗಳನ್ನು ಗೊತ್ತುಪಡಿಸಿತು. ಇಂದು ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ 17 ವರ್ಗಗಳಿವೆ. ಅತಿ ಕೆಳಗಿನದು 105 ಪೌಂಡ್, ಅಂದರೆ ಸುಮಾರು 47.6 ಕೆ.ಜಿ. ಮೇಲಿನ ಹೆವಿವೇಟ್ ವರ್ಗಕ್ಕೆ ಗರಿಷ್ಠ ಮಿತಿ ಇಲ್ಲ. ಕೆಳಗಿನ ವರ್ಗಗಳ ನಡುವೆ ಮೂರು ನಾಲ್ಕು ಪೌಂಡುಗಳಷ್ಟೇ ಅಂತರ, ಎರಡು ಕೆ.ಜಿ.ಗಿಂತಲೂ ಕಡಿಮೆ. ದುರ್ಬಲನ ಮೇಲೆ ಬಲಶಾಲಿ ಬೀಳಬಾರದೆಂಬ ನ್ಯಾಯದ ಸಲುವಾಗಿ ಮಾಡಿದ ನಿಯಮ ಇದು.

ಆದರೆ ನಿಯಮ ಇದ್ದಲ್ಲಿ ಅದನ್ನು ನುಸುಳುವ ಜಾಣತನವೂ ಇರುತ್ತದೆ. ಮೇಲಿನ ತೂಕದವನು ಹೇಗಾದರೂ ಮಾಡಿ ಕೆಳಗಿನ ವರ್ಗಕ್ಕೆ ಇಳಿದರೆ ಎದುರಾಳಿ ತನಗಿಂತ ಚಿಕ್ಕವನಾಗುತ್ತಾನಲ್ಲವೇ? ಕೊನೆಯ ಎರಡು ಮೂರು ದಿನಗಳಲ್ಲಿ ಅಷ್ಟು ತೂಕ ಇಳಿಯುವುದು ಕೊಬ್ಬು ಕರಗಿ ಅಲ್ಲ, ನೀರು ಹೋಗಿ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಹಬೆಯ ಕೋಣೆಯಲ್ಲಿ ಕೂಡುವುದು, ಪ್ಲಾಸ್ಟಿಕ್ ಅಂಗಿ ತೊಟ್ಟು ಹಗ್ಗ ಜಿಗಿಯುವುದು, ಉಗುಳಿ ಉಗುಳಿ ಬಾಯಿ ಒಣಗಿಸುವುದು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು, ಇವೆಲ್ಲ ನೀರು ಕಳೆಯುವ ದಾರಿಗಳೇ.

ಮಾನ್ವಿಯ ರೈತರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಭತ್ತ ತೂಗಿದರೆ ಒಂದು ತೂಕ, ಒಣಗಿಸಿ ತೂಗಿದರೆ ಇನ್ನೊಂದು ತೂಕ. ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 17 ಮೀರಿದರೆ ಭತ್ತ ತೆಗೆದುಕೊಳ್ಳುವುದಿಲ್ಲ. ಆದರೆ ಭತ್ತ ಒಣಗಿದರೆ ಕೆಡುವುದಿಲ್ಲ, ಮನುಷ್ಯ ಒಣಗಿದರೆ ಕೆಡುತ್ತಾನೆ. ನಮ್ಮ ದೇಹದ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ಅದು ಕಡಿಮೆಯಾದಾಗ ರಕ್ತದ ಪ್ರಮಾಣ ಇಳಿಯುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ, ಬೆವರು ನಿಂತರೆ ಮೈ ಕಾವು ಏರುತ್ತದೆ. ಶರೀರದ ತೂಕದ ಶೇ. 2ರಷ್ಟು ನೀರು ಹೋದರೂ ದಮ್ಮು ಕಡಿಮೆಯಾಗುತ್ತದೆ.

ಇನ್ನು ತೂಕ ನೋಡುವುದು ಯಾವಾಗ? ಇಲ್ಲಿಯೇ ಇರುವುದು ದೊಡ್ಡ ಇಕ್ಕಟ್ಟು. ಹಿಂದೆ ವೃತ್ತಿಪರ ಪಂದ್ಯದ ದಿನವೇ ಮುಂಜಾನೆ ತೂಗುತ್ತಿದ್ದರು. ಆಟಗಾರರು ಒಣಗಿದ ಮೈಯಲ್ಲಿಯೇ ರಿಂಗಿಗೆ ಇಳಿಯುತ್ತಿದ್ದರು. 1982ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಎಂಬ ಬಾಕ್ಸರ್ 14ನೇ ಸುತ್ತಿನಲ್ಲಿ ಪೆಟ್ಟು ತಿಂದು ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಪಂದ್ಯಕ್ಕಾಗಿ ತೂಕ ಇಳಿಸಲು ಆತ ಬಹಳ ಹೆಣಗಿದ್ದ. ಆ ನಂತರದ ವರ್ಷಗಳಲ್ಲಿ ವಿಶ್ವ ಪ್ರಶಸ್ತಿ ಪಂದ್ಯಗಳು 15 ಸುತ್ತಿನಿಂದ 12 ಸುತ್ತಿಗೆ ಇಳಿದವು. ತೂಕವನ್ನು ಒಂದು ದಿನ ಮುಂಚೆಯೇ ನೋಡುವ ಪದ್ಧತಿಯೂ ಬಂತು. ಆಟಗಾರ ನೀರು ಕುಡಿದು, ಊಟ ಮಾಡಿ ಸುಧಾರಿಸಿಕೊಳ್ಳಲಿ ಎಂಬುದು ಒಳ್ಳೆಯ ಉದ್ದೇಶವೇ.

ಆದರೆ ಆದದ್ದೇನು? ಸುಧಾರಿಸಿಕೊಳ್ಳಲು ಒಂದು ದಿನ ಸಿಕ್ಕಿತೆಂದು ಆಟಗಾರರು ಇನ್ನೂ ಹೆಚ್ಚು ತೂಕ ಇಳಿಸತೊಡಗಿದರು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಆರ್ಟುರೊ ಗಟ್ಟಿ ಮತ್ತು ಜೋಯಿ ಗಮಾಶ್ ಸೆಣಸಿದರು. ಒಪ್ಪಂದದ ಮಿತಿ 141 ಪೌಂಡ್. ಹಿಂದಿನ ದಿನ ಗಟ್ಟಿಯ ತೂಕ ಮಿತಿಯೊಳಗೆ ಇದೆ ಎಂದು ಬರೆದುಕೊಂಡರು. ಮರುದಿನ ರಿಂಗಿಗೆ ಬರುವ ಮುನ್ನ ಆತನ ತೂಕ 160 ಪೌಂಡ್! ಒಂದು ದಿನದಲ್ಲಿ 19 ಪೌಂಡ್, ಅಂದರೆ ಸುಮಾರು 8.6 ಕೆ.ಜಿ. ಎರಡನೇ ಸುತ್ತಿನಲ್ಲಿಯೇ ಗಮಾಶ್ ಎಚ್ಚರ ತಪ್ಪಿ ಬಿದ್ದ. ಮೆದುಳಿಗೆ ಪೆಟ್ಟಾಗಿ ಆತನ ಆಟದ ಬದುಕೇ ಮುಗಿಯಿತು. ಕಾಗದದ ಮೇಲೆ ಇಬ್ಬರೂ ಸಮ, ರಿಂಗಿನಲ್ಲಿ ಅಲ್ಲ.

ಇದನ್ನು ತಡೆಯಲು ಸಂಸ್ಥೆಗಳು ಹೊಸ ಕಟ್ಟಳೆ ತಂದಿವೆ. ಐ.ಬಿ.ಎಫ್. ಸಂಸ್ಥೆಯ ಪ್ರಶಸ್ತಿ ಪಂದ್ಯಗಳಲ್ಲಿ ಪಂದ್ಯದ ದಿನ ಮುಂಜಾನೆ ಎರಡನೇ ಬಾರಿ ತೂಗುವ ನಿಯಮ ಬಂತು. ಮಿತಿಗಿಂತ 10 ಪೌಂಡ್ ಮೀರಿರಬಾರದು ಎಂಬುದು ಆ ನಿಯಮವಾಗಿತ್ತು. ಡಬ್ಲ್ಯು.ಬಿ.ಸಿ. ಸಂಸ್ಥೆ 30 ದಿನ ಮುಂಚೆ ಮಿತಿಗಿಂತ ಶೇ. 10, ಏಳು ದಿನ ಮುಂಚೆ ಶೇ. 5 ಮೀರಬಾರದು ಎಂದು ವಿಧಿಸಿತು. ಅಂದರೆ ತೂಕವನ್ನು ತಿಂಗಳ ಉದ್ದಕ್ಕೂ ನಿಧಾನವಾಗಿ ಇಳಿಸಬೇಕು, ಕೊನೆಯ ರಾತ್ರಿ ಅಲ್ಲ. ಚಾಂಪಿಯನ್ ಆದವನು ಕಾಟಾದ ಮೇಲೆ ಹೆಚ್ಚು ತೂಗಿದರೆ ಒಂದು ಪೆಟ್ಟೂ ಬೀಳುವ ಮುನ್ನವೇ ಅವನ ಬೆಲ್ಟ್ ಹೋಗುತ್ತದೆ. ಫಿಲಿಪ್ಪೀನ್ಸ್ ದೇಶದ ಮ್ಯಾನಿ ಪ್ಯಾಕ್ವಿಯಾವೊ 1999ರಲ್ಲಿ ಹೀಗೆಯೇ 112 ಪೌಂಡ್ ವರ್ಗದ ಪ್ರಶಸ್ತಿಯನ್ನು ಕಾಟಾದ ಮೇಲೆ ಕಳೆದುಕೊಂಡು, ಮೂರನೇ ಸುತ್ತಿನಲ್ಲಿ ಪಂದ್ಯವನ್ನೂ ಸೋತ. ಮುಂದೆ ಆತ ಮೇಲಿನ ವರ್ಗಗಳಿಗೆ ಏರಿದ. ಎಂಟು ತೂಕದ ವರ್ಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಏಕೈಕ ಬಾಕ್ಸರ್ ಎನಿಸಿದ.

ಮುಹಮ್ಮದ್ ಅಲಿ ಅವರ ಹೆಸರು ಕೇಳದವರು ಈ ಸಭೆಯಲ್ಲಿ ಇಲ್ಲ. ಅವರದು ಹೆವಿವೇಟ್, ಮಿತಿಯೇ ಇಲ್ಲದ ವರ್ಗ. ಆದರೂ 1980ರಲ್ಲಿ, 38ನೇ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಎದುರು ನಿಲ್ಲಲು ಅವರು ಬೇಗನೆ ಬಹಳ ತೂಕ ಇಳಿಸಿದರು. ಅದಕ್ಕೆ ಥೈರಾಯ್ಡ್ ಮಾತ್ರೆಗಳನ್ನೂ ತೆಗೆದುಕೊಂಡಿದ್ದರು. ಕಾಟಾದ ಮೇಲೆ ನಿಂತಾಗ ಹಳೆಯ ಅಲಿಯೇ ಮರಳಿ ಬಂದಂತೆ ಕಂಡರು. ರಿಂಗಿನಲ್ಲಿ ಕೈಯೆತ್ತುವ ಶಕ್ತಿಯೂ ಉಳಿದಿರಲಿಲ್ಲ. ಹತ್ತು ಸುತ್ತುಗಳ ನಂತರ ಅವರ ಕಡೆಯವರೇ ಪಂದ್ಯ ನಿಲ್ಲಿಸಿದರು. ನೋಟಕ್ಕೆ ತೆಳ್ಳಗಾಗುವುದೇ ಬೇರೆ, ಗಟ್ಟಿಯಾಗುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಮ್ಮ ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್ ಅವರನ್ನು ನೋಡಿ. 2022ರಲ್ಲಿ 52 ಕೆ.ಜಿ. ವರ್ಗದಲ್ಲಿ, 2023ರಲ್ಲಿ 50 ಕೆ.ಜಿ. ವರ್ಗದಲ್ಲಿ ವಿಶ್ವ ಚಾಂಪಿಯನ್ ಆದ ಹೆಣ್ಣುಮಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 52ರ ವರ್ಗ ಇರಲಿಲ್ಲ, 50ರಲ್ಲಿಯೇ ಆಡಬೇಕಾಯಿತು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಪಂದ್ಯದ ದಿನವೇ ಮುಂಜಾನೆ ತೂಕ. ಚೀನಾದ ವು ಯು ಎದುರು ಸೋತ ನಂತರ, ತೂಕಕ್ಕಾಗಿ ಎರಡು ದಿನ ಊಟ ಮಾಡಿರಲಿಲ್ಲ, ತೂಕ ನೋಡಿದ ಮೇಲಷ್ಟೇ ನೀರು ಕುಡಿದೆ, ಸುಧಾರಿಸಿಕೊಳ್ಳಲು ಸಮಯವಾಗಲಿಲ್ಲ ಎಂದು ಅವರೇ ನೊಂದು ಹೇಳಿಕೊಂಡರು.

ಅದೇ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರ ಕಥೆ ಇಡೀ ದೇಶವನ್ನು ಅಳಿಸಿತು. ಆಗಸ್ಟ್ 6ರಂದು ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಆಗಸ್ಟ್ 7ರ ಮುಂಜಾನೆ 50 ಕೆ.ಜಿ. ಮಿತಿಗಿಂತ 100 ಗ್ರಾಂ ಹೆಚ್ಚು. ರಾತ್ರಿಯೆಲ್ಲ ನಿದ್ದೆಗೆಟ್ಟು ಬೆವರು ಸುರಿಸಿದರೂ, ಕೂದಲು ಕತ್ತರಿಸಿದರೂ ಆ 100 ಗ್ರಾಂ ಇಳಿಯಲಿಲ್ಲ. ಪದಕವೂ ಇಲ್ಲ, ಗೆದ್ದ ಕುಸ್ತಿಗಳ ಲೆಕ್ಕವೂ ಇಲ್ಲ. ಅದೇ ಕೂಟದಲ್ಲಿ ಅಮನ್ ಸೆಹ್ರಾವತ್ ಹತ್ತು ಗಂಟೆಗಳಲ್ಲಿ 4.6 ಕೆ.ಜಿ. ಇಳಿಸಿ 57 ಕೆ.ಜಿ. ವರ್ಗದಲ್ಲಿ ಕಂಚು ಗೆದ್ದರು. ಪತ್ರಿಕೆಗಳು ಇದನ್ನು ಸಾಹಸವೆಂದು ಬರೆದವು. ಆದರೆ ವಿದ್ಯಾರ್ಥಿಗಳೇ, ಅವರ ಸುತ್ತ ವೈದ್ಯರಿದ್ದರು, ತರಬೇತುದಾರರಿದ್ದರು. ಹೊಲದ ದಾರಿಯಲ್ಲಿ ಒಬ್ಬನೇ ಸ್ವೆಟರ್ ಹಾಕಿಕೊಂಡು ಓಡುವ ನಿಮ್ಮ ಸುತ್ತ ಯಾರಿದ್ದಾರೆ?

ಇದು ಬರೀ ಹೆದರಿಸುವ ಮಾತಲ್ಲ. 1997ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವಾಗಲೇ ಪ್ರಾಣ ಬಿಟ್ಟರು. ಆಮೇಲೆ ಅಲ್ಲಿ ಹಬೆಕೋಣೆ, ರಬ್ಬರ್ ಅಂಗಿ, ಮೂತ್ರದ ಮಾತ್ರೆಗಳನ್ನು ನಿಷೇಧಿಸಿದರು. 2015ರಲ್ಲಿ ಒನ್ ಚಾಂಪಿಯನ್‌ಶಿಪ್ ಪಂದ್ಯಕ್ಕೆಂದು ಮನಿಲಾಕ್ಕೆ ಹೋಗಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ತೂಕ ಇಳಿಸಲು ಹೋಗಿ ತೀರಿಕೊಂಡ. ಬಳಿಕ ಆ ಸಂಸ್ಥೆ ತೂಕದ ಜೊತೆಗೆ ಮೂತ್ರ ಪರೀಕ್ಷೆಯನ್ನೂ ತಂದಿತು. ಮೈಯಲ್ಲಿ ಸಾಕಷ್ಟು ನೀರು ಇದ್ದು ತೂಕ ಸರಿಯಿದ್ದರೆ ಮಾತ್ರ ಪಾಸು. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ನ್ಯಾಯದ ನಿಯಮ. ಏಕೆಂದರೆ ಇಲ್ಲಿ ತೂಗುವುದು ಒಣಗಿದ ಮನುಷ್ಯನನ್ನಲ್ಲ.

"ಸರ್, ನಾವು ರೋಜಾ ಇಡುವುದಿಲ್ಲವೇ? ಆಗಲೂ ನೀರು ಕುಡಿಯುವುದಿಲ್ಲವಲ್ಲ?" ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ರೋಜಾದಲ್ಲಿ ಸಹರಿ ಇದೆ, ಇಫ್ತಾರ್ ಇದೆ. ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಇದೆ. ಅಲ್ಲಿ ದೇಹಕ್ಕೆ ಶಿಸ್ತು ಇದೆ, ಹಿಂಸೆ ಇಲ್ಲ. ಬೇಕೆಂದೇ ಬೆವರು ಹರಿಸಿ, ಮಾತ್ರೆ ನುಂಗಿ, ಎರಡು ದಿನ ಗಂಟಲು ಒಣಗಿಸುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ನಮ್ಮ ಕರ್ನಾಟಕದ ಗುರುರಾಜ ಪೂಜಾರಿ ಅವರಿಂದ ಕಲಿಯಿರಿ. ಕುಂದಾಪುರ ಸೀಮೆಯ ಬಡ ಕುಟುಂಬದಿಂದ ಬಂದವರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವರ್ಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆಮೇಲೆ ಆ ವರ್ಗವನ್ನೇ ತೆಗೆದುಹಾಕಿದರು. ಅವರು 61 ಕೆ.ಜಿ. ವರ್ಗಕ್ಕೆ ಏರಿ, ಉಂಡು, ದುಡಿದು, ಮೈ ಬೆಳೆಸಿ, 2022ರಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ಪದಕದ ಬಣ್ಣ ಬದಲಾಯಿತು, ಎತ್ತಿದ ಭಾರ 20 ಕೆ.ಜಿ. ಹೆಚ್ಚಾಯಿತು. ಮೇಲಿನ ವರ್ಗಕ್ಕೆ ಹೋಗುವುದು ಸೋಲಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮ ವಯಸ್ಸು ಬೆಳೆಯುವ ವಯಸ್ಸು. ಹೋದ ವರ್ಷದ ವರ್ಗ ಈ ವರ್ಷ ಸಾಲದಿದ್ದರೆ ಅದು ನಿಮ್ಮ ತಪ್ಪಲ್ಲ, ಅಲ್ಲಾಹನ ಕೃಪೆಯಿಂದ ನೀವು ಬೆಳೆದಿದ್ದೀರಿ. ವರ್ಷದ ಮೊದಲಲ್ಲಿಯೇ ತೂಕ ನೋಡಿಕೊಂಡು ವರ್ಗ ಆರಿಸಿರಿ. ಇಳಿಸಲೇಬೇಕಿದ್ದರೆ ತಿಂಗಳುಗಟ್ಟಲೆ ಸಮಯ ಇಟ್ಟುಕೊಂಡು, ಕರಿದ ತಿಂಡಿ ಮತ್ತು ಸಿಹಿ ಕಡಿಮೆ ಮಾಡಿ, ವೈದ್ಯರನ್ನು ಕೇಳಿ ಇಳಿಸಿರಿ. ನೀರು ಬಿಡಬೇಡಿರಿ. ತಲೆ ಸುತ್ತಿದರೆ, ಮೂತ್ರ ಕಡು ಹಳದಿಯಾದರೆ, ಬೆವರು ನಿಂತರೆ ಕೂಡಲೇ ನಿಲ್ಲಿಸಿ ಹಿರಿಯರಿಗೆ ತಿಳಿಸಿರಿ. ಪಾಲಕರೇ, ಮಗ ಆಟದ ಮುಂಚೆ ಎರಡು ದಿನ ಊಟಕ್ಕೆ ಕೂಡದಿದ್ದರೆ "ಹಸಿವಿಲ್ಲ" ಎಂಬ ಅವನ ಮಾತನ್ನು ನಂಬಬೇಡಿರಿ. ಶಿಕ್ಷಕ ಬಂಧುಗಳೇ, ತಂಡಕ್ಕೆ ಒಂದು ಕಪ್ ಬರಲೆಂದು ಮಕ್ಕಳನ್ನು ಒಣಗಿಸಬೇಡಿರಿ.

ಕಾಟಾ ತೋರಿಸುವುದು ತೂಕವನ್ನಷ್ಟೇ, ಬಲವನ್ನಲ್ಲ. ಆಟ ಆಡಿರಿ, ಗೆಲ್ಲಿರಿ, ಆರೋಗ್ಯದಿಂದ ಮನೆಗೆ ಬನ್ನಿರಿ.