ನಿರುದ್ಯೋಗಿ ಯುವಜನರ ಡಿಜಿಟಲ್ ಆರೋಗ್ಯ ತಪಾಸಣೆ: ಅಂಕ ಬಂದ ಮೇಲಿನ ಹೊಣೆ

(ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ಆಶಾ ಕಾರ್ಯಕರ್ತೆಯರಿಗಾಗಿ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಏರ್ಪಡಿಸಿದ್ದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ತಪಾಸಣೆ ಮಾಡುತ್ತವೆ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಸಿಬ್ಯಾಕ್ ನಮೂನೆಯೊಡನೆ ಬರುತ್ತಾರೆ. ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಂಶದ ಕಾಯಿಲೆ ಇವುಗಳನ್ನು ವಿಚಾರಿಸಿ ಅಂಕ ಹಾಕುತ್ತಾರೆ. ಅಂಕ 4ನ್ನು ಮೀರಿದವರನ್ನು ಆದ್ಯತೆಯ ಮೇಲೆ ಮುಂದಿನ ಪರೀಕ್ಷೆಗೆ ಕಳುಹಿಸುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವವರಿಗೆ ಇಎಸ್‌ಐ ಆಸ್ಪತ್ರೆಯಿದೆ. ಇವೆಲ್ಲವುಗಳ ನಡುವೆ, ಓದು ಮುಗಿಸಿ ಕೆಲಸ ಸಿಗದ, ಅಥವಾ ನಗರದಲ್ಲಿದ್ದ ಕೆಲಸ ಕಳೆದುಕೊಂಡು ಊರಿಗೆ ಮರಳಿದ, 19ರಿಂದ 29ರ ವಯಸ್ಸಿನವರು ಯಾವ ವಹಿಯಲ್ಲಿಯೂ ಇಲ್ಲ. ಯುವತಿಯು ಗರ್ಭಿಣಿಯಾದರೆ ತಾಯಿ ಕಾರ್ಡಿನ ಮೂಲಕವಾದರೂ ಲೆಕ್ಕಕ್ಕೆ ಬರುತ್ತಾಳೆ. ಯುವಕನು ಬೈಕಿನಿಂದ ಬಿದ್ದರಷ್ಟೇ ಆಸ್ಪತ್ರೆಯ ದಾಖಲೆಯಲ್ಲಿ ಕಾಣಿಸಿಕೊಳ್ಳುತ್ತಾನೆ.

ಈ ಕೊರತೆಯನ್ನು ಮೊಬೈಲ್ ಅಥವಾ ಟ್ಯಾಬ್‌ನಲ್ಲಿರುವ ಪ್ರಶ್ನಾವಳಿಯಿಂದ ತುಂಬಬಹುದೆಂಬ ಸಲಹೆ ಹಲವೆಡೆ ಕೇಳಿಬರುತ್ತಿದೆ. ಸಲಹೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಓದಿದವನು. ಅಳತೆಯ ಸಾಧನವನ್ನು ಕಂಡರೆ ಅದು ಎಷ್ಟು ತಪ್ಪುತ್ತದೆ, ತಪ್ಪಿದಾಗ ನಷ್ಟ ಯಾರದು ಎಂದು ಮೊದಲು ನೋಡುವುದು ನನಗೆ ಅಭ್ಯಾಸವಾಗಿದೆ.

ಮನಸ್ಸಿನ ಖಿನ್ನತೆಯನ್ನು ಗುರುತಿಸಲು ಹೆಚ್ಚು ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ. 2001ರಲ್ಲಿ ಪ್ರಕಟವಾದ ಇದರಲ್ಲಿ 9 ಪ್ರಶ್ನೆಗಳಿವೆ. ಕಳೆದ 2 ವಾರಗಳಲ್ಲಿ ನಿದ್ರೆ, ಹಸಿವು, ಆಯಾಸ, ಆಸಕ್ತಿ ಹೇಗಿದ್ದವು ಎಂಬುದಕ್ಕೆ 0ಯಿಂದ 3ರವರೆಗೆ ಅಂಕ, ಒಟ್ಟು 27. ಅಂಕ 10 ಅಥವಾ ಹೆಚ್ಚಾದರೆ ಮುಂದಿನ ವಿಚಾರಣೆ ಅಗತ್ಯ. ಬಳಸಲು ಶುಲ್ಕವಿಲ್ಲದ ಕಾರಣ ಆ್ಯಪ್ ತಯಾರಿಸುವವರಿಗೆ ಬಹಳ ಪ್ರಿಯವಾದದ್ದು. ಇದರ ಮೊದಲ 2 ಪ್ರಶ್ನೆಗಳು ಪರಿಷ್ಕೃತ ಸಿಬ್ಯಾಕ್ ನಮೂನೆಯಲ್ಲಿಯೂ ಇವೆ. ಆಶಾ ಸಹೋದರಿಯರಿಗೆ ಅವು ಹೊಸದಲ್ಲ.

ಮೂಲ ಅಧ್ಯಯನದ ಪ್ರಕಾರ, 10 ಅಂಕದ ಗಡಿಯಿಟ್ಟರೆ ತೀವ್ರ ಖಿನ್ನತೆ ಇರುವ 100 ಜನರಲ್ಲಿ 88 ಮಂದಿಯನ್ನು ಅದು ಗುರುತಿಸುತ್ತದೆ. ಇಲ್ಲದ 100 ಜನರಲ್ಲಿ 88 ಮಂದಿಗೆ ಇಲ್ಲವೆಂದೇ ಹೇಳುತ್ತದೆ. ಕೇಳಲು ಚೆನ್ನಾಗಿದೆ. ಈಗ ಲೆಕ್ಕಕ್ಕಾಗಿ 1000 ಯುವಜನರಲ್ಲಿ 50 ಮಂದಿಗೆ ನಿಜವಾಗಿ ಖಿನ್ನತೆ ಇದೆಯೆಂದು ಭಾವಿಸೋಣ. ಸಾಧನವು ಅವರಲ್ಲಿ 44 ಮಂದಿಯನ್ನು ಹಿಡಿಯುತ್ತದೆ, 6 ಮಂದಿಯನ್ನು ಬಿಡುತ್ತದೆ. ಉಳಿದ 950ರಲ್ಲಿ 114 ಮಂದಿಗೆ ಸುಮ್ಮನೆ ಕೆಂಪು ದೀಪ ತೋರಿಸುತ್ತದೆ. ಒಟ್ಟು 158 ಕೆಂಪು ದೀಪಗಳಲ್ಲಿ ನಿಜವಾದವು 44 ಮಾತ್ರ.

ಹಾಗೆಂದು ಸಾಧನ ಕೆಟ್ಟದ್ದಲ್ಲ. ನೀರಿನ ಕ್ಷೇತ್ರ ಪರೀಕ್ಷಾ ಕಿಟ್ ಅನ್ನು ತಾವೆಲ್ಲರೂ ಬಳಸಿದ್ದೀರಿ. ಬಣ್ಣ ಬದಲಾದ ಮಾತ್ರಕ್ಕೆ ಕೊಳವೆಬಾವಿಗೆ ಮುಚ್ಚಳ ಹಾಕುವುದಿಲ್ಲ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಕೊಳವೆಬಾವಿಗೆ ಮಾನಾಪಮಾನವಿಲ್ಲ, ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಇದೆ. 158 ಹೆಸರುಗಳ ಪಟ್ಟಿಯೊಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಅದನ್ನು ಮರಳಿ ಪಡೆಯುವ ಉಪಾಯ ನಮ್ಮಲ್ಲಿ ಯಾರಿಗೂ ತಿಳಿದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಗೌಪ್ಯತೆಯನ್ನು ಹಕ್ಕೆಂದು ಹೇಳಿದೆ. ಆದುದರಿಂದ ಉತ್ತರಗಳು ಪಂಚಾಯಿತಿಯ ಕಂಪ್ಯೂಟರಿಗೆ ಬರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯುವನಿಧಿ ಅರ್ಜಿಗಾಗಲಿ ಉದ್ಯೋಗ ಚೀಟಿಗಾಗಲಿ ಈ ತಪಾಸಣೆಯನ್ನು ಜೋಡಿಸಕೂಡದು. ಹಣಕ್ಕಾಗಿ ಉತ್ತರಿಸುವವನು ಹಣ ನಿಲ್ಲದಂತೆ ಉತ್ತರಿಸುತ್ತಾನೆ.

ಪ್ರಶ್ನೆಗಳನ್ನೂ ನಿರುದ್ಯೋಗಿಯ ಕಣ್ಣಿನಿಂದ ಒಮ್ಮೆ ಓದಬೇಕು. ತಾನು ಸೋತವನು, ಮನೆಯವರ ನಿರೀಕ್ಷೆಯನ್ನು ಹುಸಿಗೊಳಿಸಿದವನು ಎಂದು ಅನ್ನಿಸುತ್ತಿದೆಯೇ ಎಂಬುದು ಆರನೆಯ ಪ್ರಶ್ನೆಯ ಭಾವ. ಪದವಿ ಮುಗಿಸಿ 2 ವರ್ಷ ಮನೆಯಲ್ಲಿ ಕುಳಿತವನಿಗೆ ಇದನ್ನು ದಿನಕ್ಕೆರಡು ಬಾರಿ ಮನೆಯವರೇ ಹೇಳುತ್ತಿರುತ್ತಾರೆ. ಕೊನೆಯಲ್ಲಿ, ಈ ತೊಂದರೆಗಳಿಂದ ನಿಮ್ಮ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂದೂ ಕೇಳಲಾಗುತ್ತದೆ. ಕೆಲಸವೇ ಇಲ್ಲದವನು ಏನೆಂದು ಒತ್ತಬೇಕು? ಇಂತಹ ಕಡೆ ಪಕ್ಕದಲ್ಲಿ ಕುಳಿತ ಮನುಷ್ಯರು ವಿವರಿಸಬೇಕಾಗುತ್ತದೆ. ಪರದೆಯ ಮೇಲೆ ‘ಖಿನ್ನತೆ’ ಎಂದು ಬರೆದರೆ ತಲೆಯಾಡಿಸದವರು, ‘ಮನಸ್ಸಿಗೆ ಬೇಜಾರೇನಪ್ಪಾ?’ ಎಂದರೆ ಅರ್ಧ ಗಂಟೆ ಮಾತನಾಡುತ್ತಾರೆ. ಇದನ್ನು ಆಶಾ ಸಹೋದರಿಯರು ನನಗಿಂತ ಚೆನ್ನಾಗಿ ಬಲ್ಲರು.

ಟ್ಯಾಬ್ ಅನ್ನು ಅರಿವು ಕೇಂದ್ರದಲ್ಲಿ ಇಟ್ಟರೆ ಯುವಕರೇ ಬಂದು ಬಳಸುತ್ತಾರೆ ಎಂಬ ನಿರೀಕ್ಷೆ ನಮ್ಮಲ್ಲಿದೆ. ಆಸ್ಟ್ರಿಯ ದೇಶದ ಮರಿಯೆಂಟಾಲ್ ಎಂಬ ಗಿರಣಿ ಊರಿನ ಕುರಿತು 1933ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸವಿಲ್ಲದೆ ಕುಳಿತಾಗ ಓದಲು ಬೇಕಾದಷ್ಟು ಸಮಯವಿತ್ತು. ಆದರೂ ಕಾರ್ಮಿಕರ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಗಂಡಸರ ನಡಿಗೆಯ ವೇಗವೂ ತಗ್ಗಿತ್ತೆಂದು ಸಂಶೋಧಕರು ಗಡಿಯಾರ ಹಿಡಿದು ಅಳೆದು ಬರೆದಿದ್ದಾರೆ. ಬಿಡುವು ಹೆಚ್ಚಿದಷ್ಟೂ ಮನುಷ್ಯ ಹೊರಗೆ ಬರುವುದು ಕಡಿಮೆಯಾಗುತ್ತದೆ. ಆದ್ದರಿಂದ ನಾವೇ ನರೇಗಾ ಕಾಮಗಾರಿಯ ಸ್ಥಳಕ್ಕೆ, ಕ್ರಿಕೆಟ್ ಮೈದಾನಕ್ಕೆ, ಸ್ವಸಹಾಯ ಸಂಘದ ಸಭೆಗೆ ಹೋಗಬೇಕಾಗುತ್ತದೆ.

ಇನ್ನು ಒಂಬತ್ತನೆಯ ಪ್ರಶ್ನೆ. ಸತ್ತರೆ ಮೇಲು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂದಿದೆಯೇ ಎಂದು ಅದು ಕೇಳುತ್ತದೆ. ಇದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ 10ಕ್ಕಿಂತ ಕಡಿಮೆಯಿದ್ದರೂ, ಆ ಕ್ಷಣವೇ ಒಬ್ಬರು ಮಾತನಾಡಿಸಬೇಕು. ಒಬ್ಬ ಹುಡುಗ ಶುಕ್ರವಾರ ಸಂಜೆ ಈ ಪ್ರಶ್ನೆಗೆ ‘ಹೌದು’ ಎಂದು ಒತ್ತಿ, ಆ್ಯಪ್ ‘ಧನ್ಯವಾದಗಳು’ ಎಂದು ತೋರಿಸಿ ಮುಚ್ಚಿಕೊಂಡರೆ, ಕೇಳಿಯೂ ಕೇಳದವರ ಸಾಲಿಗೆ ನಾವೂ ಸೇರಿದಂತಾಯಿತು. ಅದಕ್ಕಿಂತ ಪ್ರಶ್ನೆ ಕೇಳದಿರುವುದೇ ಲೇಸು.

ಆ ಕ್ಷಣಕ್ಕೆ ನಮ್ಮ ಕೈಯಲ್ಲಿರುವುದು ಟೆಲಿ-ಮನಸ್, ಸಂಖ್ಯೆ 14416; ಶುಲ್ಕವಿಲ್ಲ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಖ್ಯೆ ಕೊಟ್ಟು ಕಳುಹಿಸದೆ, ಅವರು ಒಪ್ಪಿದರೆ ನಮ್ಮ ಮುಂದೆಯೇ ಕರೆ ಮಾಡಿಸಿ, ಮಾತು ಮುಗಿಯುವವರೆಗೆ ಹೊರಗೆ ಕಾದಿರಬೇಕು. ಉಳಿದ ಕೆಂಪು ದೀಪಗಳನ್ನು ಸಮುದಾಯ ಆರೋಗ್ಯ ಅಧಿಕಾರಿಗಳು ನೋಡುತ್ತಾರೆ. ಅಗತ್ಯವಿದ್ದವರು ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ದೊರೆಯುವ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಹೀಗಿರುವಾಗ ತಪಾಸಣೆಯನ್ನು ವಾರಾಂತ್ಯಕ್ಕೆ ಇಡದೆ ಸೋಮವಾರಕ್ಕೆ ಇಡುವುದು ಸೂಕ್ತ. ಮಾಸಿಕ ಗುರಿಯಂತೂ ಬೇಡ. ಆ್ಯಪ್ ಬಂದರೆ ಗುರಿ ಬರುತ್ತದೆ, ಗುರಿ ಬಂದರೆ ತಿಂಗಳ ಕೊನೆಯ ದಿನ ಯಾರೋ ಒಬ್ಬರು ಕುಳಿತು ಎಲ್ಲರ ಉತ್ತರಗಳನ್ನೂ ತುಂಬುತ್ತಾರೆ; ಇದು ಸಭೆಯಲ್ಲಿರುವ ಎಲ್ಲರಿಗೂ ತಿಳಿದ ವಿಷಯ.

ಇಂತಹ ಕೆಲಸ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1980ರ ದಶಕದಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ತಂದಿತ್ತು. ಆಗ ಟ್ಯಾಬ್ ಇರಲಿಲ್ಲ. ತರಬೇತಿ ಪಡೆದ ಜನರಿದ್ದರು.

ಕೊನೆಯದಾಗಿ ಬಸ್ಸಿನ ಖರ್ಚು. ಶಕ್ತಿ ಯೋಜನೆಯಿಂದ ಯುವತಿಯರು ತಾಲ್ಲೂಕು ಕೇಂದ್ರಕ್ಕೆ ಉಚಿತವಾಗಿ ಹೋಗಿಬರಬಹುದು. ಯುವಕನು ಆ ಹಣವನ್ನು ತಂದೆಯ ಬಳಿ ಕೇಳಬೇಕು. ಕೇಳಿದರೆ ಏಕೆಂದು ಹೇಳಬೇಕು. ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ಹೆಸರು ಬಹಿರಂಗವಾಗದಂತೆ ಈ ಸಣ್ಣ ವೆಚ್ಚವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಭರಿಸಲು ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಾರದ ರೀತಿ ಯಾವುದು ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಲೆಕ್ಕಾಧಿಕಾರಿಗಳು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.